ಜೈಲಿನ್ಯಾಗ ‘ಕೇಳೋರು’ ಯಾರು? ಕಾರಾಗೃಹದ ಹೊಣೆಗಾರಿಕೆ ಮೇಲೆ ಪಿಎಚ್‌ಡಿ ಮಾಡಹೊರಟವರಿಗೆ

ಪಿಎಚ್‌ಡಿ ವಿಷಯ ಏನು ಎಂದು ಕೇಳಿದವರಿಗೆಲ್ಲ ನಾನು ‘ಕಾರಾಗೃಹ ಆಡಳಿತದಲ್ಲಿ ಉತ್ತರದಾಯಿತ್ವ’ ಎನ್ನುತ್ತಿದ್ದೆ. ಕೇಳಿದವರು ತಲೆಯಾಡಿಸಿ ಮಾತು ಬದಲಿಸುತ್ತಿದ್ದರು. ಒಂದು ದಿನ ಊರಲ್ಲಿ ಚಿಕ್ಕಪ್ಪ ಮಾತ್ರ ಬಿಡದೆ, ‘ಅಂದ್ರ ಜೈಲಿನ್ಯಾಗ ಹೇಳೋರು ಕೇಳೋರು ಅದಾರೋ ಇಲ್ಲೋ ನೋಡೂದೇನ?’ ಅಂದರು. ಅದೇ ದಿನ ಡೈರಿಯ ಮೊದಲ ಪುಟದಲ್ಲಿ ಆ ಮಾತನ್ನು ಬರೆದುಕೊಂಡೆ. ಮುಂದೆ ದಾರಿ ತಪ್ಪಿದಾಗಲೆಲ್ಲ ಆ ಪುಟಕ್ಕೇ ಮರಳಿದ್ದೇನೆ.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅಪರಾಧಶಾಸ್ತ್ರ ಅಥವಾ ಕಾನೂನು ಓದಿ ಈ ಕಡೆಯ ಜೈಲುಗಳ ಮೇಲೆ ಕೆಲಸ ಮಾಡಬೇಕು ಎಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪುಗಳೂ ಇದರಲ್ಲಿವೆ. ಅವುಗಳನ್ನು ನೀವು ಮತ್ತೆ ಮಾಡಬೇಕಿಲ್ಲ.

ಮೊದಲ ಹೆಜ್ಜೆ: ಒಂದೇ ಎಳೆ ಹಿಡಿಯಿರಿ

‘ಉತ್ತರ ಕರ್ನಾಟಕದ ಕಾರಾಗೃಹಗಳ ಸುಧಾರಣೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ತಲೆಯಲ್ಲಿದ್ದರೆ ಇವತ್ತೇ ತೆಗೆದುಹಾಕಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅದರಲ್ಲಿ ಅನುಮತಿ ಪತ್ರಗಳಿಗೆ ಓಡಾಡುವುದರಲ್ಲೇ ಒಂದು ವರ್ಷ ಹೋಗುತ್ತದೆ. ಸುಧಾರಣೆ ಎಂಬ ಸಮುದ್ರ ಈಜಲು ಉಳಿದದ್ದು ಸಾಲದು.

ಹೊಣೆಗಾರಿಕೆ ಎಂದರೆ ನಾಲ್ಕು ಪ್ರಶ್ನೆ: ಯಾರು ಕೇಳಬೇಕು, ಯಾರನ್ನು ಕೇಳಬೇಕು, ಯಾವುದರ ಬಗ್ಗೆ, ಎಷ್ಟು ದಿನದೊಳಗೆ. ಈ ನಾಲ್ಕಕ್ಕೂ ಕಾನೂನಿನಲ್ಲಿ ಲಿಖಿತ ಉತ್ತರವಿರುವ ಒಂದು ಎಳೆಯನ್ನು ಆರಿಸಿಕೊಳ್ಳಿ. ಉದಾಹರಣೆಗೆ ವಿಚಾರಣಾಧೀನ ಬಂಧಿಗಳ ಬಿಡುಗಡೆ. 2024ರ ಜುಲೈ 1ರಂದು ಸಿಆರ್‌ಪಿಸಿಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479ರ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ವಿಚಾರಣೆ ಮುಗಿಯುವ ಮೊದಲೇ ಒಳಗೆ ಕಳೆದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವ ಪ್ರಕರಣದಲ್ಲೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಸಾಕು. ಒಬ್ಬರ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೆ ಈ ಸೌಲಭ್ಯ ಇಲ್ಲ ಎಂಬ ಕೊಕ್ಕೆಯೂ ಅಲ್ಲೇ ಇದೆ. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಮೂರನೇ ಉಪಕಲಂ. ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಹಾಕುವ ಕರ್ತವ್ಯವನ್ನು ಅದು ಜೈಲು ಅಧೀಕ್ಷಕರ ತಲೆಗೇ ಕಟ್ಟಿದೆ. ಇದು ಹಳೆಯ ಪ್ರಕರಣಗಳಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು. ಯಾರು, ಯಾವಾಗ, ಯಾರ ಮುಂದೆ ಎಂಬ ಮೂರೂ ಅಲ್ಲಿ ಸಿಕ್ಕವು. ಅರ್ಜಿ ಹೋಯಿತೋ ಇಲ್ಲವೋ, ಹೋಗಿದ್ದರೆ ಎಷ್ಟು ದಿನ ತಡವಾಗಿ ಎಂದು ಹುಡುಕಿದರೆ ಒಂದು ಪೂರ್ತಿ ಪ್ರಬಂಧವಾಗುತ್ತದೆ.

ಇನ್ನೊಂದು ಎಳೆ ಕಸ್ಟಡಿ ಸಾವು. ಸಾವಾದ 24 ಗಂಟೆಯೊಳಗೆ ತನಗೆ ವರದಿ ಬರಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರ ಡಿಸೆಂಬರ್‌ನಲ್ಲೇ ಹೇಳಿದೆ. ಮ್ಯಾಜಿಸ್ಟ್ರೇಟ್ ವಿಚಾರಣೆಗೆ ಸುರಕ್ಷಾ ಸಂಹಿತೆಯ ಕಲಂ 196 ಇದೆ. ಇಲ್ಲಿ ದಾಖಲೆ ಹೆಚ್ಚು, ಆದರೆ ಮನಸ್ಸಿಗೆ ಭಾರ. ಮೊದಲ ಸಂಶೋಧನೆಗೆ ನಾನು ಇದನ್ನು ಸೂಚಿಸುವುದಿಲ್ಲ.

ಜೈಲುಗಳನ್ನು ಆರಿಸುವಾಗ ಎರಡು ಸಾಕು. 1923ರ ಹಿಂಡಲಗಾ ಕೇಂದ್ರ ಕಾರಾಗೃಹ ಬೆಳಗಾವಿಯಿಂದ ವೆಂಗುರ್ಲಾ ರಸ್ತೆಗೆ ಹೋದರೆ ಸಿಗುತ್ತದೆ. ವಿಜಯಪುರದವರು ‘ದರ್ಗಾ ಜೈಲು’ ಎನ್ನುವುದು ಅಲ್ಲಿನ ಕೇಂದ್ರ ಕಾರಾಗೃಹಕ್ಕೆ. ಬಾಗಲಕೋಟೆಯದು ಜಿಲ್ಲಾ ಕಾರಾಗೃಹ. ಒಂದು ಕೇಂದ್ರ ಜೈಲು, ಒಂದು ಜಿಲ್ಲಾ ಜೈಲು ಇಟ್ಟುಕೊಂಡರೆ ಹೋಲಿಕೆಗೆ ಒಳ್ಳೆಯದು, ಏಕೆಂದರೆ ಸಿಬ್ಬಂದಿ, ಆಸ್ಪತ್ರೆ, ಬಂಧಿಗಳ ಬಗೆ ಎಲ್ಲವೂ ಬೇರೆ. ಹೊಸಬರು ಮರೆಯುವ ಸಂಗತಿ ಇನ್ನೊಂದಿದೆ. ಬೆಳಗಾವಿ ಮತ್ತು ಬಾಗಲಕೋಟೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರಿದರೆ, ಪಕ್ಕದ ವಿಜಯಪುರ ಕಲಬುರಗಿ ಪೀಠಕ್ಕೆ ಸೇರುತ್ತದೆ. ಎರಡೂ ಪೀಠಗಳ ರಿಟ್ ಅರ್ಜಿಗಳನ್ನು ಹುಡುಕುತ್ತೀರಾದರೆ ಎರಡು ಊರಿಗೆ ಓಡಾಡಲು ಸಿದ್ಧರಿರಿ.

ಎರಡನೇ ಹೆಜ್ಜೆ: ಮೊದಲು ಕಾಗದ, ಆಮೇಲೆ ಕದ

ಎಲ್ಲರಿಗೂ ಒಳಗೆ ಹೋಗುವ ಆತುರ. ನನಗೂ ಇತ್ತು. ಒಳಗೆ ಹೋದ ಮೇಲೆ ಏನು ಕೇಳಬೇಕು ಎಂದು ಗೊತ್ತಿಲ್ಲದಿದ್ದರೆ ಅಲ್ಲಿ ಸಿಗುವುದು ಬೇಕರಿ, ಕೈಮಗ್ಗ, ಯೋಗ ಶಿಬಿರದ ಮೆರವಣಿಗೆ ಮಾತ್ರ. ಅದಕ್ಕೇ ಮೊದಲು ಓದಬೇಕಾದವು: 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮ, 1974ರ ನಿಯಮಗಳು, 2021ರ ಕೈಪಿಡಿ. ಕಾರಾಗೃಹ ರಾಜ್ಯಪಟ್ಟಿಯ ವಿಷಯವಾದ್ದರಿಂದ 2016ರ ಮಾದರಿ ಕೈಪಿಡಿಯಾಗಲಿ, 2023ರ ಮಾದರಿ ಅಧಿನಿಯಮವಾಗಲಿ ಕೇಂದ್ರ ಕೊಟ್ಟ ಸಲಹೆ ಅಷ್ಟೇ. ಪ್ರಬಂಧದಲ್ಲಿ ಅವುಗಳನ್ನು ನೇರ ಕಾನೂನು ಎಂದು ಬರೆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಸಿಕ್ಕಿಬೀಳುತ್ತೀರಿ.

ಓದುತ್ತ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಳ್ಳಿ. ಕರ್ತವ್ಯ ಯಾವುದು, ಯಾರದು, ಯಾವ ರಿಜಿಸ್ಟರಿನಲ್ಲಿ ಬರೆಯಬೇಕು, ಎಷ್ಟು ದಿನದೊಳಗೆ, ಮಾಡದಿದ್ದರೆ ಯಾರು ಕೇಳಬೇಕು ಎಂದು ಐದು ಕಾಲಂ. ಕೊನೆಯ ಕಾಲಂ ಖಾಲಿ ಉಳಿಯುವ ಕಡೆಯೆಲ್ಲ ಕೆಂಪು ಮಸಿಯ ಗುರುತು ಹಾಕಿ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಆ ಕೆಂಪು ಗುರುತುಗಳಿಂದಲೇ ಹುಟ್ಟಿತು.

ತೀರ್ಪುಗಳಲ್ಲಿ ಎಲ್ಲವನ್ನೂ ಓದಬೇಕಿಲ್ಲ, ಮೂರನ್ನು ಪೂರ್ತಿ ಓದಿ. ಮೊದಲನೆಯದು ಸುನಿಲ್ ಬಾತ್ರಾ ಎರಡನೇ ಪ್ರಕರಣ, 1979ರ ಡಿಸೆಂಬರ್‌ನದು. ತಿಹಾರ್ ಜೈಲಿನಲ್ಲಿದ್ದ ಬಾತ್ರಾ, ಇನ್ನೊಬ್ಬ ಕೈದಿಯ ಮೇಲಾದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯಾಗಿ ತೆಗೆದುಕೊಂಡಿತು. ಅದರಲ್ಲಿ ದೂರು ಪೆಟ್ಟಿಗೆಯ ಮಾತಿದೆ. ಪೆಟ್ಟಿಗೆ ಇರಬೇಕಾದದ್ದು ಜಿಲ್ಲಾ ದಂಡಾಧಿಕಾರಿ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದ ಅಡಿಯಲ್ಲಿ. ಅಂದರೆ ಯಾರ ಮೇಲೆ ದೂರೋ ಅವರ ಕೈಯಲ್ಲಿ ಕೀಲಿ ಇರಬಾರದು. ಒಂಟಿ ಸೆಲ್ಲಿನಂಥ ಶಿಕ್ಷೆ ಕೊಡಬೇಕಾದರೆ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಾದರೆ ಎರಡು ದಿನದೊಳಗೆ ತಿಳಿಸಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ನಿಮ್ಮ ಐದು ಕಾಲಂಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ?

ಎರಡನೆಯದು ನಮ್ಮದೇ ರಾಜ್ಯದ್ದು, ರಾಮಮೂರ್ತಿ ವಿರುದ್ಧ ಕರ್ನಾಟಕ ಸರ್ಕಾರ, 1996. ಇದೂ ಬೆಂಗಳೂರು ಕೇಂದ್ರ ಕಾರಾಗೃಹದಿಂದ ಹೋದ ಒಂದು ಪತ್ರದಿಂದ ಶುರುವಾದದ್ದೇ. ಕಿಕ್ಕಿರಿದ ಬ್ಯಾರಕ್, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ, ಊಟ ಬಟ್ಟೆಯ ಕೊರತೆ, ಪತ್ರ ಮತ್ತು ಭೇಟಿಯ ತೊಂದರೆ ಹೀಗೆ ಒಂಬತ್ತು ಸಮಸ್ಯೆಗಳನ್ನು ಅದು ಪಟ್ಟಿ ಮಾಡಿತು. ಅವುಗಳಲ್ಲಿ ಎಷ್ಟು ಇನ್ನೂ ಹಾಗೇ ಇವೆ ಎಂದು ನೀವೇ ಟಿಕ್ ಹಾಕುತ್ತ ಹೋಗಬಹುದು. ಮೂರನೆಯದು ಸುಕನ್ಯಾ ಶಾಂತಾ ಪ್ರಕರಣ, 2024ರ ಅಕ್ಟೋಬರ್ 3. ಜಾತಿ ನೋಡಿ ಕೆಲಸ ಹಂಚುವುದು ಅಸಾಂವಿಧಾನಿಕ, ರಿಜಿಸ್ಟರಿನಲ್ಲಿರುವ ಜಾತಿ ಕಾಲಂ ತೆಗೆಯಬೇಕು ಎಂದ ತೀರ್ಪು. ಇದರ ಜಾರಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ (ಉಚಿತ ಕಾನೂನು ನೆರವು ಕೊಡುವ ಸಂಸ್ಥೆ) ಮತ್ತು ಸಂದರ್ಶಕರ ಮಂಡಳಿ (ಜೈಲಿಗೆ ಭೇಟಿ ಕೊಟ್ಟು ಪರಿಶೀಲಿಸುವವರ ತಂಡ) ಜಂಟಿಯಾಗಿ ತಪಾಸಣೆ ಮಾಡಬೇಕು ಎಂದೂ ಹೇಳಿದೆ. ಹೊಸ ವಿಷಯ ಹುಡುಕುವವರಿಗೆ ಇಲ್ಲೇ ಒಂದಿದೆ.

ಮೂರನೇ ಹೆಜ್ಜೆ: ಅಂಕಿ ಅಂಶ

ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋ ಪ್ರತಿ ವರ್ಷದ ಡಿಸೆಂಬರ್ 31ಕ್ಕೆ ಇದ್ದಂತೆ ಕಾರಾಗೃಹ ಅಂಕಿಅಂಶ ಕೊಡುತ್ತದೆ. 2022ರ ವರದಿಯಂತೆ ದೇಶದ ಜೈಲುಗಳಲ್ಲಿ 5,73,220 ಜನ, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ 75ಕ್ಕೂ ಹೆಚ್ಚು. ಇದ್ದ ಜಾಗಕ್ಕೆ ಹೋಲಿಸಿದರೆ ತುಂಬಿದ್ದು ಶೇ. 131.4. ಪೀಠಿಕೆಗೆ ಇಷ್ಟು ಸಾಕು. ಹೊಣೆಗಾರಿಕೆಯವರಿಗೆ ಬೇಕಾದ ಕೋಷ್ಟಕ ಅದೇ ವರದಿಯ ಒಳಗೆ ಇನ್ನೊಂದಿದೆ: ವೈದ್ಯಾಧಿಕಾರಿಗಳು, ಆಡಳಿತಾಧಿಕಾರಿಗಳು, ನ್ಯಾಯಾಧೀಶರು ಜೈಲುಗಳಿಗೆ ಎಷ್ಟು ಸಲ ತಪಾಸಣೆಗೆ ಹೋದರು ಎಂಬುದು. ಆದರೆ ಬಹುತೇಕ ಅಂಕಿಗಳು ರಾಜ್ಯವಾರು. ಹಿಂಡಲಗಾಕ್ಕೆ ಎಷ್ಟು ಸಲ, ದರ್ಗಾಕ್ಕೆ ಎಷ್ಟು ಸಲ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯೇ ಗತಿ.

ಬೆಳಗಾವಿಯವರಿಗೆ ಒಂದು ಅನುಕೂಲವೂ ಇದೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಶಾಸಕರು ಕೇಳುವ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಗೃಹ ಇಲಾಖೆ ಕೊಡುವ ಲಿಖಿತ ಉತ್ತರಗಳಲ್ಲಿ ಜೈಲುವಾರು ಮಾಹಿತಿ ಸಿಗುವುದುಂಟು. ಅಧಿವೇಶನದ ಗದ್ದಲ ಪತ್ರಿಕೆಯವರಿಗೆ ಇರಲಿ, ಉತ್ತರ ಪತ್ರಿಕೆ ನಮಗೆ.

ನಾಲ್ಕನೇ ಹೆಜ್ಜೆ: ಹತ್ತು ರೂಪಾಯಿಯ ಅರ್ಜಿ

ಮಾಹಿತಿ ಹಕ್ಕು ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಎಂಬುದು ನಮ್ಮ ರಾಜ್ಯದ ನಿಯಮ. ನನ್ನ ಮೊದಲ ಅರ್ಜಿ ಮೂರು ಪುಟವಿತ್ತು, ಹದಿನೇಳು ಪ್ರಶ್ನೆ. ಹಾಗೇ ವಾಪಸ್ ಬಂತು. ಆಗ ಸಿಟ್ಟು ಬಂದಿತ್ತು, ಈಗ ಓದಿದರೆ ನನಗೇ ನಗು ಬರುತ್ತದೆ. ಅದರಲ್ಲೊಂದು ಪ್ರಶ್ನೆ: ‘ಬಂಧಿಗಳ ದೂರುಗಳಿಗೆ ಸರಿಯಾದ ಪರಿಹಾರ ಸಿಗುತ್ತಿದೆಯೇ?’ ಇದಕ್ಕೆ ಮಾಹಿತಿ ಅಧಿಕಾರಿ ಏನು ಬರೆಯಬೇಕು? ‘ಹೌದು’ ಎಂದು ಬರೆದರೆ ಮುಗಿಯಿತು.

ಕೇಳಬೇಕಾದದ್ದು ಅಭಿಪ್ರಾಯವಲ್ಲ, ದಾಖಲೆ. ಆಮೇಲೆ ನಾನು ಬರೆದದ್ದು ಹೀಗಿತ್ತು:

‘ದಿನಾಂಕ 1-4-2022ರಿಂದ 31-3-2023ರ ವರೆಗೆ ತಮ್ಮ ಕಾರಾಗೃಹಕ್ಕೆ ಸಂದರ್ಶಕರ ಮಂಡಳಿಯ ಸದಸ್ಯರು ಭೇಟಿ ನೀಡಿದ ದಿನಾಂಕಗಳು, ಸಂದರ್ಶಕರ ಪುಸ್ತಕದಲ್ಲಿ ಅವರು ಬರೆದ ಷರಾಗಳ ನಕಲು, ಸದರಿ ಷರಾಗಳ ಮೇಲೆ ಕೈಗೊಂಡ ಕ್ರಮದ ಕುರಿತು ಮೇಲಧಿಕಾರಿಗಳಿಗೆ ಬರೆದ ಪತ್ರಗಳ ನಕಲು ಒದಗಿಸಬೇಕು. ಬಂಧಿಗಳ ಹೆಸರು ಇದ್ದಲ್ಲಿ ಅದನ್ನು ಮರೆಮಾಚಿ ನೀಡಲು ನನ್ನ ಅಭ್ಯಂತರವಿಲ್ಲ.’

ಆ ಕೊನೆಯ ವಾಕ್ಯ ಬಹಳ ಕೆಲಸ ಮಾಡುತ್ತದೆ. ವೈಯಕ್ತಿಕ ಮಾಹಿತಿ ಎಂದು ಕಲಂ 8(1)(ಜೆ) ತೋರಿಸಿ ತಿರಸ್ಕರಿಸುವುದು ಸುಲಭ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿದೆ. ಕೊಡಬಾರದ್ದನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು ಎನ್ನುವ ಕಲಂ 10ನ್ನು ನೀವೇ ಮೊದಲು ನೆನಪಿಸಿದಂತಾಗುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದ ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆ ಎಂಬ ನಿಯಮವೂ ಉಂಟು. ಆದರೆ ಅದು ಒಳಗಿರುವವರ ಮನೆಯವರಿಗೆ ಬೇಕಾದ ಅಸ್ತ್ರ, ಅಧ್ಯಯನಕ್ಕಾಗಿ ಅದನ್ನು ಬಳಸಿ ಹಾಳು ಮಾಡಬೇಡಿ.

ಒಂದು ಗುಟ್ಟು: ‘ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಇಡಲೇಬೇಕಾದ ರಿಜಿಸ್ಟರ್ ಇಟ್ಟಿಲ್ಲ ಎಂದು ಸಹಿ, ಸೀಲಿನೊಂದಿಗೆ ಕೊಟ್ಟ ದಾಖಲೆ ಅದು. ಪ್ರಬಂಧಕ್ಕೆ ಲಗತ್ತಿಸಿ.

ಐದನೇ ಹೆಜ್ಜೆ: ಅನುಮತಿ

ನನ್ನ ದೊಡ್ಡ ನಷ್ಟ ಆದದ್ದು ಇಲ್ಲಿ. ಗೈಡ್ ಕೊಟ್ಟ ಪತ್ರ ಹಿಡಿದು ನೇರ ಒಂದು ಜೈಲಿನ ಕಚೇರಿಗೆ ಹೋಗಿ ಕೊಟ್ಟು ಬಂದೆ. ‘ಆತ್ರಿ ಮೇಡಂ, ಮ್ಯಾಲ ಕಳಸ್ತೀವಿ’ ಅಂದರು. ಐದು ತಿಂಗಳು ಕಾದೆ. ಕೇಳಲು ಹೋದಾಗ ಟೇಬಲ್ಲಿನ ಗುಮಾಸ್ತರು ಬದಲಾಗಿದ್ದರು. ‘ಆವಕ ನಂಬರ್ ಎಷ್ಟ್ರಿ?’ ಎಂದು ಕೇಳಿದರು. ಪತ್ರ ಬಂತು ಎಂದು ಕಚೇರಿಯ ರಿಜಿಸ್ಟರಿನಲ್ಲಿ ಹಾಕುವ ಆ ನಂಬರನ್ನೇ ನಾನು ಬರೆಸಿಕೊಂಡಿರಲಿಲ್ಲ. ನಂಬರಿಲ್ಲದ ಪತ್ರ ಕಚೇರಿಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಜೈಲಿನ ಹೊಣೆಗಾರಿಕೆ ಅಳೆಯಲು ಹೊರಟವಳು ನನ್ನದೇ ಕಾಗದದ ಆವಕ-ಜಾವಕ ನೋಡಿಕೊಳ್ಳಲಿಲ್ಲ.

ಸಂಶೋಧನೆಗೆ ಅನುಮತಿ ಕೊಡುವುದು ಬೆಂಗಳೂರಿನ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಕೇಂದ್ರ ಕಚೇರಿ. ಪತ್ರವನ್ನು ಕುಲಸಚಿವರ ಮೂಲಕ ಅಲ್ಲಿಗೇ ಕಳಿಸಿ, ಜೈಲಿಗೆ ಪ್ರತಿ ಮಾತ್ರ ಕೊಡಿ, ಎರಡೂ ಕಡೆ ಆವಕ ಸಂಖ್ಯೆ ಬರೆಸಿಕೊಳ್ಳಿ. ಸಾಮಾನ್ಯವಾಗಿ ಹೊರಗಿನವರನ್ನು ಸಂಶೋಧನೆ, ಲೇಖನ, ಸಾಕ್ಷ್ಯಚಿತ್ರಕ್ಕಾಗಿ ಒಳಗೆ ಬಿಡಬಾರದು, ಸುಧಾರಣೆಗೆ ಉಪಯೋಗವಾಗುವಂತಿದ್ದರೆ ರಾಜ್ಯ ಅನುಮತಿ ಕೊಡಬಹುದು ಎಂಬುದು ಕೇಂದ್ರ ಗೃಹ ಸಚಿವಾಲಯ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಧಾಟಿ. ಆದ್ದರಿಂದ ಪತ್ರದಲ್ಲಿ ಅಧ್ಯಯನದ ಉಪಯೋಗವನ್ನು ಬರೆಯಿರಿ. ಸುಳ್ಳು ಮಾತ್ರ ಬೇಡ. ‘ಬಂಧಿಗಳ ಮನಃಪರಿವರ್ತನೆ’ ಎಂದು ವಿಷಯ ಬರೆದು ಒಳಗೆ ಹೋಗಿ ಲಾಠಿ ಏಟಿನ ಬಗ್ಗೆ ಕೇಳಿದ ಒಬ್ಬರಿಂದಾಗಿ ಮುಂದಿನ ಹತ್ತು ವಿದ್ಯಾರ್ಥಿಗಳಿಗೆ ಕದ ಮುಚ್ಚುತ್ತದೆ. ‘ದೂರು ಪರಿಹಾರ ವ್ಯವಸ್ಥೆಯ ಕಾರ್ಯನಿರ್ವಹಣೆ’ ಎಂದು ಬರೆದರೆ ಸತ್ಯವೂ ಹೌದು, ಓದಿದವರ ಹುಬ್ಬೂ ಏರುವುದಿಲ್ಲ.

ಅನುಮತಿ ಬಾರದೇ ಹೋದರೂ ಪ್ರಬಂಧ ನಿಲ್ಲದಂತೆ ಯೋಜನೆ ಹಾಕಿಕೊಂಡಿರಿ. ನನ್ನ ಸಾಮಗ್ರಿಯ ಮುಕ್ಕಾಲು ಪಾಲು ಗೋಡೆಯ ಹೊರಗೇ ಸಿಕ್ಕಿದ್ದು.

ಆರನೇ ಹೆಜ್ಜೆ: ಗೋಡೆಯ ಹೊರಗೆ ಕೂಡ್ರುವುದು

ಮುಲಾಖತ್ತಿನ ದಿನ, ಅಂದರೆ ಬಂಧಿಗಳನ್ನು ಮನೆಯವರು ಭೇಟಿಯಾಗುವ ದಿನ, ಗೇಟಿನ ಎದುರಿನ ಗಿಡದ ನೆರಳಿಗೆ ಹೋಗಿ ಕೂಡಿ. ಪ್ರಶ್ನಾವಳಿ ಚೀಲದಲ್ಲೇ ಇರಲಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸುಮ್ಮನೆ ಕೂತರೆ ಯಾರಾದರೂ ‘ಯಾರ್ನ ನೋಡಾಕ ಬಂದೀರಿ?’ ಎಂದು ಕೇಳಿಯೇ ಕೇಳುತ್ತಾರೆ. ಆಗ ನಿಜ ಹೇಳಿ.

ನನಗೆ ಅಲ್ಲಿ ಸಿಕ್ಕವರು ಅಥಣಿ ಕಡೆಯ ಒಬ್ಬ ಅಜ್ಜಿ. ಮಗ ವಿಚಾರಣಾಧೀನ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಅದನ್ನು ಒಳಗೆ ಬಿಡಲಿಲ್ಲ. ಗಿಡದ ಕೆಳಗೆ ಇಬ್ಬರೂ ತಿಂದೆವು. ಎಷ್ಟು ಸಲ ತಾರೀಖು ಬಿದ್ದಿದೆ ಎಂದು ಕೇಳಿದ್ದಕ್ಕೆ ಅವರು ಸೊಂಟದ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಬಸ್ ಟಿಕೆಟುಗಳು. ಮೊದಮೊದಲಿನವು ದುಡ್ಡು ಕೊಟ್ಟವು, ಆಮೇಲಿನವು ಶಕ್ತಿ ಯೋಜನೆಯ ಶೂನ್ಯ ಟಿಕೆಟು. ‘ಎಣಸ ಯವ್ವಾ, ನಂಗ ಬರೂದಿಲ್ಲ’ ಅಂದರು. ಇಪ್ಪತ್ಮೂರು ಇದ್ದವು, ಎಲ್ಲವೂ ಕೋರ್ಟಿನ ತಾರೀಖಿಗೆ ಹೋದವು. ತಾರೀಖಿನ ದಿನ ಮಗನ ಮುಖ ಕಾಣುತ್ತದೆ ಎಂಬ ಆಸೆ. ಅಷ್ಟರಲ್ಲಿ ಮಗನನ್ನು ಎಷ್ಟು ಸಲ ಕರೆತಂದಿದ್ದರು? ‘ಒಂಬತ್ತ ಸಲ. ಉಳದಿದ್ದು ಟಿವ್ಯಾಗ. ಟಿವಿನೂ ಒಮ್ಮೊಮ್ಮೆ ಹತ್ತಲಿಲ್ಲ.’ ಟಿವಿ ಎಂದರೆ ವಿಡಿಯೊ ಕಾನ್ಫರೆನ್ಸ್.

ಮನೆಗೆ ಬಂದು ಇ-ಕೋರ್ಟ್ಸ್ ತಾಣದಲ್ಲಿ ಆ ಪ್ರಕರಣದ ದಿನವಹಿ ಆದೇಶ ತೆಗೆದು ಟಿಕೆಟಿನ ದಿನಾಂಕಗಳ ಜೊತೆ ಇಟ್ಟು ನೋಡಿದೆ. ‘ಆರೋಪಿಯನ್ನು ಹಾಜರುಪಡಿಸಿಲ್ಲ’ ಎಂಬ ಸಾಲು ಎಲ್ಲಿ ಬಂದಿದೆ, ಬೆಂಗಾವಲು ಪೊಲೀಸರಿಲ್ಲ ಎಂಬ ಕಾರಣ ಎಲ್ಲಿ ಬರೆದಿದ್ದಾರೆ, ಎಲ್ಲಿ ಏನನ್ನೂ ಬರೆದಿಲ್ಲ ಎಂದು ಹೊಂದಿಸಿದರೆ ಒಂದು ಅಧ್ಯಾಯದ ವಿಧಾನವೇ ಸಿಕ್ಕಿತು. ಬೆಂಗಾವಲು ಕೊಡುವುದು ಜಿಲ್ಲಾ ಪೊಲೀಸರು, ಬಂಧಿಯನ್ನು ಸಿದ್ಧ ಮಾಡಿ ಕಳಿಸುವುದು ಜೈಲು, ಏಕೆ ಬರಲಿಲ್ಲ ಎಂದು ಕೇಳಬೇಕಾದದ್ದು ಕೋರ್ಟು. ಮೂವರ ನಡುವೆ ಆ ಅಜ್ಜಿಯ ಹದಿನಾಲ್ಕು ಟಿಕೆಟು ಯಾರ ಲೆಕ್ಕಕ್ಕೂ ಸೇರಿಲ್ಲ.

ಇನ್ನೆರಡು ಕಡೆ ಹೋಗಲೇಬೇಕು. ಒಂದು, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನರ ಪುನರ್ವಿಮರ್ಶಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ ಇರುತ್ತಾರೆ. ಅದು ಮೂರು ತಿಂಗಳಿಗೊಮ್ಮೆ ಸೇರಬೇಕು. ಸಭೆಯ ನಡಾವಳಿ ಕೇಳಿ ಪಡೆಯಿರಿ. ಎಷ್ಟು ಹೆಸರು ಬಂದವು, ಎಷ್ಟನ್ನು ಶಿಫಾರಸು ಮಾಡಿದರು, ಶಿಫಾರಸಾದವರಲ್ಲಿ ನಿಜವಾಗಿ ಹೊರಗೆ ಬಂದವರೆಷ್ಟು ಎಂಬ ಮೂರು ಸಂಖ್ಯೆಗಳ ನಡುವಿನ ಅಂತರವೇ ನಿಮ್ಮ ಸಂಶೋಧನೆ. ಎರಡು, ನಿವೃತ್ತ ವಾರ್ಡರುಗಳು. ಕೆಲಸದಲ್ಲಿರುವವರು ಮಾತಾಡಲು ಹಿಂಜರಿಯುತ್ತಾರೆ, ಅದು ಸಹಜ. ವಿಜಯಪುರದ ಒಂದು ಚಹಾದಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ಹೇಳಿದ ಮಾತು: ‘ನಮ್ನ ಕೇಳೋರು ಭಾಳ ಮಂದಿ ಅದಾರ್ರಿ. ನಮ್ಮ ಮಾತ ಕೇಳೋರು ಒಬ್ರೂ ಇಲ್ಲ.’ ಮೆಮೊ, ಅಮಾನತು, ಇಲಾಖಾ ವಿಚಾರಣೆ ಎಲ್ಲವೂ ಕೆಳಗಿನವರ ಮೇಲೆ ಬೀಳುತ್ತವೆ, ಸಿಬ್ಬಂದಿ ಕೊರತೆಗೆ ಮೆಮೊ ಯಾರಿಗೆ ಕೊಡಬೇಕು ಎಂದು ಅವರು ಕೇಳಿದರು. ಚಿಕ್ಕಪ್ಪನ ‘ಕೇಳೋರು’ ಎಂಬ ಪದಕ್ಕೆ ಎರಡು ಅರ್ಥವಿದೆ ಎಂದು ನನಗೆ ತಿಳಿದದ್ದು ಆ ಚಹಾದಂಗಡಿಯಲ್ಲಿ. ಬಂಧಿಗಳ ಕಡೆಯಿಂದಷ್ಟೇ ನೋಡಿ ಬರೆದ ಪ್ರಬಂಧ ಅರ್ಧ ಪ್ರಬಂಧ.

ಏಳನೇ ಹೆಜ್ಜೆ: ಒಳಗೆ

ಅನುಮತಿ ಸಿಕ್ಕಿತು ಎಂದುಕೊಳ್ಳೋಣ. ಫೋನು, ಸ್ಮಾರ್ಟ್ ವಾಚು, ಪೆನ್‌ಡ್ರೈವ್ ಮನೆಯಲ್ಲೇ ಬಿಡಿ. ಪೆನ್ನು, ಪುಟಸಂಖ್ಯೆ ಹಾಕಿದ ನೋಟ್‌ಬುಕ್ಕು ಸಾಕು, ಅದನ್ನೂ ಗೇಟಿನಲ್ಲಿ ತೋರಿಸಿ ಬರೆಸಿ ಹೋಗಿ. ಬಂಧಿಗಳ ಕೈಗೆ ಏನನ್ನೂ ಕೊಡಬೇಡಿ, ಅವರಿಂದ ಚೀಟಿಯನ್ನೂ ತರಬೇಡಿ. ಮನಸ್ಸು ಕರಗುವ ಗಳಿಗೆ ಬಂದೇ ಬರುತ್ತದೆ. ಆದರೂ ಬೇಡ.

ಸಮ್ಮತಿ ಪತ್ರದ ಬಗ್ಗೆ ವಿಶ್ವವಿದ್ಯಾಲಯದ ನೈತಿಕ ಸಮಿತಿ ಸಹಿ ಕೇಳುತ್ತದೆ. ಇಲ್ಲಿರುವವರಿಗೆ ಸಹಿ ಎಂದರೆ ಠಾಣೆಯಲ್ಲಿ ಹಾಕಿಸಿಕೊಂಡ ಖಾಲಿ ಕಾಗದದ ನೆನಪು. ನಾನು ಕಾಗದ ಮುಂದಿಟ್ಟ ಕೂಡಲೇ ಒಬ್ಬ ಯುವಕ ಎದ್ದು ನಿಂತುಬಿಟ್ಟ. ಅಂದಿನಿಂದ ಬಾಯಿಮಾತಿನ ಸಮ್ಮತಿ ತೆಗೆದುಕೊಂಡೆ, ಅದಕ್ಕೆ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಬಂಧಿಗಳನ್ನು ದುರ್ಬಲ ಗುಂಪು ಎಂದು ಗುರುತಿಸಿರುವುದರಿಂದ ಸಮಿತಿಗೆ ವಿವರಿಸುವುದು ಕಷ್ಟವಲ್ಲ. ಸಮ್ಮತಿಯ ಮಾತನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬಾಯಿಗೆ ಬರುವಂತೆ ಮಾಡಿಕೊಳ್ಳಿ. ಬೆಳಗಾವಿಯಲ್ಲಿ ಒಂದೇ ವಾಕ್ಯದಲ್ಲಿ ಮೂರೂ ಬರುತ್ತವೆ. ‘ಇದರಿಂದ ನಿಮ್ಮ ಕೇಸಿಗೆ ಒಳ್ಳೇದೂ ಆಗಂಗಿಲ್ಲ, ಕೆಟ್ಟದ್ದೂ ಆಗಂಗಿಲ್ಲ, ಬ್ಯಾಡಂದ್ರ ಏಳಬಹುದು’ ಎಂಬುದು ಸಾರ. ಇದನ್ನು ಹೇಳಿದ ಮೇಲೂ ‘ಮೇಡಂ, ಸಾಹೇಬ್ರಿಗೆ ಹೇಳಿ ಪೆರೋಲ್ ಕೊಡಸ್ರಿ’ ಎಂದು ಕೇಳುವವರಿರುತ್ತಾರೆ. ಮತ್ತೆ ಹೇಳಿ.

ಮೊದಲ ಪ್ರಶ್ನೆ ‘ನಿಮ್ಮನ್ನ ಹೊಡೀತಾರೇನು?’ ಎಂದಾಗಬಾರದು. ಪಕ್ಕದಲ್ಲಿ ಸಿಬ್ಬಂದಿ ಇರುವಾಗ ಅದಕ್ಕೆ ಒಂದೇ ಉತ್ತರ. ಬದಲಿಗೆ, ‘ಹೋದ ಸಲ ಹಲ್ಲು ನೋವಾದಾಗ ಯಾರಿಗೆ ಹೇಳಿದ್ರಿ? ಅವರು ಏನಂದ್ರು? ಡಾಕ್ಟರ್ ಎಷ್ಟು ದಿನಕ್ಕ ನೋಡಿದ್ರು?’ ಎಂದು ಕೇಳಿ. ಹಲ್ಲುನೋವಿನ ದಾರಿ ಹಿಡಿದು ಹೋದರೆ ಬ್ಯಾರಕ್ಕಿನಿಂದ ಜಿಲ್ಲಾ ಆಸ್ಪತ್ರೆಯವರೆಗಿನ ಪ್ರತಿ ಕೊಂಡಿಯೂ ಕಾಣುತ್ತದೆ. ಒಂದು ಜೈಲಿನಲ್ಲಿ, ಯಾವುದೆಂದು ಹೇಳುವುದಿಲ್ಲ, ದೂರು ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದ್ದಕ್ಕೆ ಏಳು ಮಂದಿಯಲ್ಲಿ ಐವರು ಬೇರೆ ಬೇರೆ ಜಾಗ ಹೇಳಿದರು. ಪೆಟ್ಟಿಗೆ ಇತ್ತು, ಕಚೇರಿಯ ಬಾಗಿಲಿನ ಪಕ್ಕ, ಹೊಸ ಬಣ್ಣ ಹೊಡೆದು. ಕಾಗದ ಹಾಕುವ ಸೀಳಿಗೂ ಬಣ್ಣ ಬಿದ್ದು ಒಣಗಿ ಮುಚ್ಚಿಕೊಂಡಿತ್ತು.

ಏಟಿನ ಮಾತು ಬಂದರೆ

ಇದನ್ನು ಒಳಗೆ ಹೋಗುವ ಮೊದಲೇ ಗೈಡ್ ಜೊತೆ ಕೂತು ತೀರ್ಮಾನಿಸಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಮಾತ್ರ ಕೊಡಬೇಡಿ. ವಕೀಲರಿಗೆ ಇರುವ ಗೋಪ್ಯತೆಯ ರಕ್ಷಣೆ ಸಂಶೋಧಕರಿಗೆ ಇಲ್ಲ, ನ್ಯಾಯಾಲಯ ನಿಮ್ಮ ನೋಟ್‌ಬುಕ್ಕನ್ನೂ ತರಿಸಿಕೊಳ್ಳಬಹುದು. ಕೊಲೆಯಂಥ ಕೆಲವು ಅಪರಾಧ ನಡೆದದ್ದು ಅಥವಾ ನಡೆಯಲಿರುವುದು ಗೊತ್ತಾದರೆ ತಿಳಿಸಬೇಕು ಎಂದು ಸುರಕ್ಷಾ ಸಂಹಿತೆಯ ಕಲಂ 33 ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧವಾದರೆ ಪೋಕ್ಸೊ ಕಲಂ 19ರಂತೆ ತಿಳಿಸದಿರುವುದೇ ಅಪರಾಧ. ಆದ್ದರಿಂದ ಸಂದರ್ಶನದ ಆರಂಭದಲ್ಲೇ, ನಿಮ್ಮ ಪ್ರಕರಣದ ವಿಚಾರ ನನಗೆ ಬೇಡ, ಹೇಳಬೇಡಿ ಎಂದುಬಿಡಿ. ತನ್ನ ಮೇಲಾದ ಹಿಂಸೆಯನ್ನು ಒಬ್ಬರು ಹೇಳಿದರೆ, ದೂರು ಕೊಡಬೇಕೇ ಬೇಡವೇ ಎಂಬ ತೀರ್ಮಾನ ಅವರದೇ ಇರಲಿ. ನೀವು ಆ ಸಂಜೆ ಹೊರಗೆ ಹೋಗುತ್ತೀರಿ, ಅವರು ಅಲ್ಲೇ ಮಲಗುತ್ತಾರೆ. ಕೊಡುತ್ತೇನೆ ಎಂದರೆ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ದಾರಿ ಮಾಡಿಕೊಡಿ. ಮಾನವ ಹಕ್ಕುಗಳ ಆಯೋಗಗಳಿಗೆ ಜೈಲಿಗೆ ಭೇಟಿ ಕೊಡುವ ಅಧಿಕಾರವೇ ಇದೆ.

ಬರೆಯುವಾಗ

ಹೆಸರು ಬದಲಿಸಿದರೆ ಸಾಕು ಎಂದುಕೊಂಡಿದ್ದೆ. ಒಂದು ವಿಚಾರಸಂಕಿರಣದಲ್ಲಿ ‘ಮೊದಲು ಅಂಗನವಾಡಿಯಲ್ಲಿದ್ದ, ಈಗ ಸಜೆ ಅನುಭವಿಸುತ್ತಿರುವ ಮಹಿಳೆ’ ಎಂದು ಓದಿದೆ. ಊಟದ ಹೊತ್ತಿಗೆ ಒಬ್ಬರು ಬಂದು, ‘ಅಕಿ ನಮ್ಮೂರಕಿ ಅಲ್ರೀ?’ ಎಂದು ಹೆಸರು ಹೇಳಿದರು. ಮಹಿಳಾ ವಿಭಾಗದಲ್ಲಿ ಇರುವವರೇ ಕೆಲವರು, ಊರುಗಳು ಸಣ್ಣವು, ಪ್ರಕರಣಗಳು ಪತ್ರಿಕೆಯಲ್ಲಿ ಬಂದವು. ತುತ್ತು ಗಂಟಲಲ್ಲಿ ನಿಂತಿತು. ಅಂದಿನಿಂದ ಉದ್ಯೋಗ, ತಾಲೂಕು, ಪ್ರಕರಣದ ವರ್ಷ, ಮಕ್ಕಳ ಸಂಖ್ಯೆ ಇವುಗಳಲ್ಲಿ ಎರಡನ್ನು ಒಟ್ಟಿಗೆ ಬರೆಯುವುದಿಲ್ಲ. ಜೈಲುಗಳನ್ನೂ ‘ಅ’ ಮತ್ತು ‘ಬ’ ಮಾಡಿದೆ. ಸಿಬ್ಬಂದಿಗೂ ಇದೇ ನಿಯಮ. ಒಬ್ಬರೇ ವೈದ್ಯರಿರುವ ಜೈಲಿನಲ್ಲಿ ‘ವೈದ್ಯರೊಬ್ಬರು ಹೇಳಿದಂತೆ’ ಎಂದರೆ ಹೆಸರು ಬರೆದಂತೆಯೇ. ಸಂಕೇತ ಮತ್ತು ಹೆಸರು ಹೊಂದಿಸುವ ಪಟ್ಟಿ ಬೇರೆ ಪುಸ್ತಕದಲ್ಲಿ, ಬೇರೆ ಮನೆಯಲ್ಲಿ ಇರಲಿ. ವೈವಾ ಮುಗಿದ ಮೇಲೆ ನಾನು ಅದನ್ನು ಒಲೆಗೆ ಹಾಕಿದೆ.

ತೀರ್ಮಾನದ ಅಧ್ಯಾಯದಲ್ಲಿ ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ವಾಕ್ಯ ಒಂದಾದರೂ ಇದ್ದರೆ ಹೊಡೆದುಹಾಕಿ. ಸರ್ಕಾರ ಎಂದರೆ ಯಾರು? ಯಾವ ಹುದ್ದೆ, ಯಾವ ರಿಜಿಸ್ಟರ್, ಎಷ್ಟು ದಿನ ಎಂದು ಬರೆಯಿರಿ.

ಕೊನೆಗೆ ಒಂದು ಕೆಲಸ ಉಳಿಯುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ನಾಲ್ಕು ಪುಟದ ಕನ್ನಡ ಸಾರಾಂಶ ಮಾಡಿ, ಮರಾಠಿಯಲ್ಲೂ ಒಂದು ಮಾಡಿಸಿ. ಒಂದು ಪ್ರತಿ ಜೈಲಿನ ಗ್ರಂಥಾಲಯಕ್ಕೆ, ಒಂದು ಕಾನೂನು ಸೇವಾ ಪ್ರಾಧಿಕಾರಕ್ಕೆ, ಒಂದು ಬೆಂಗಳೂರಿನ ಕೇಂದ್ರ ಕಚೇರಿಗೆ. ನಾನು ಕೊಡಲು ಹೋದ ದಿನ ಟೇಬಲ್ಲಿನಲ್ಲಿ ಮತ್ತೊಬ್ಬರು ಹೊಸಬರಿದ್ದರು. ‘ಇಟ್ಟು ಹೋಗ್ರಿ ಮೇಡಂ’ ಅಂದರು. ನನ್ನ ಪ್ರತಿಯನ್ನು ಮುಂದೆ ಸರಿಸಿ, ಆವಕ ನಂಬರ್ ಹಾಕಿಕೊಡ್ರಿ ಅಂದೆ.